ತವರೂರಿನ ಭವನಕ್ಕೆ ಒಂದೇ ಬಾಗಿಲು

ನನ್ನ ಗಂಡನನ್ನು ಹೊಡೆದವನು ನನ್ನ ತಮ್ಮ. ಜನರ ಬಾಯಲ್ಲಿ ಈ ಮಾತು ಹತ್ತಾರು ರೀತಿ ತಿರುಗಿದೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ನನ್ನ ಗಂಡ ಸರ್ಕಾರದ ಆರ್ಕಿಟೆಕ್ಟ್ ಆಗಿದ್ದರು. ಪಶು ಆಸ್ಪತ್ರೆ, ಹಾಸ್ಟೆಲ್ಲು, ನಾಡಕಚೇರಿ ಹೀಗೆ ದೊಡ್ಡಬಳ್ಳಾಪುರದಿಂದ ಹೊಸಕೋಟೆವರೆಗೆ ಜನ ದಿನಾ ಹೋಗಿಬರುವ ಎಷ್ಟೋ ಕಟ್ಟಡಗಳ ನಕ್ಷೆ ಅವರದು. ಕಾಗದದ ಮುಂದೆ ಕೂತು ಮಾಡುವ ಕೆಲಸ, ಗಲಾಟೆ ಇರುವುದಿಲ್ಲ ಎಂದುಕೊಂಡು ಮದುವೆಯಾದೆ. ಆದರೆ ಆಸ್ಪತ್ರೆಯ ಗೇಟು ತನ್ನ ಅಂಗಡಿ ಕಡೆ ತಿರುಗಲಿಲ್ಲವೆಂದು ಒಬ್ಬ ಅವರ ಕೊರಳಪಟ್ಟಿ ಹಿಡಿದಿದ್ದ. ಬಸ್ ನಿಲ್ದಾಣ ಕಟ್ಟುವಾಗ ಅವರ ಜೀಪಿನ ಮೇಲೆ ಕಲ್ಲು ಬಿತ್ತು. ಹಣೆಗೆ ಹೊಕ್ಕ ಗಾಜಿನ ಚೂರನ್ನು ಚಿಮಟದಲ್ಲಿ ಕಿತ್ತವಳು ನಾನೇ. ರಕ್ತ ಒರೆಸಿಕೊಳ್ಳುತ್ತಾ, "ಮಳೆ ಬಂದ್ರೆ ಕಲ್ಲು ಹೊಡೆದೋನೂ ಅಲ್ಲೇ ನಿಂತ್ಕೋತಾನೆ ಬಿಡು," ಎಂದಿದ್ದರು.

ಕೊನೆಯದು ನನ್ನ ತವರೂರಿನ ಸಮುದಾಯ ಭವನ. ಸಾಸಲು ದಾರಿಯಲ್ಲಿ ಸಿಗುವ ಸಣ್ಣ ಊರು ಅದು. ಭವನದ ಮುಂದೆ ನಮ್ಮೋರ ಕೇರಿ, ಹಿಂದೆ ದಲಿತರ ಕಾಲೋನಿ. ನಮ್ಮ ಕೇರಿಯವರು ಎರಡು ಬಾಗಿಲು ಕೇಳಿದರು. ಕಾಲೋನಿಯವರು ಹಿಂದಿನಿಂದ ಬರಲಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಾಳಿ ಎಂದರು, ಬೆಳಕು ಎಂದರು, ಅವರಿಗೂ ಹತ್ತಿರವಾಗುತ್ತದೆ ಎಂದರು. ನನ್ನ ಗಂಡ ಎಲ್ಲಾ ಕೇಳಿಸಿಕೊಂಡು ಕಿಟಕಿಗಳನ್ನು ದೊಡ್ಡದು ಮಾಡಿದರು. ಬಾಗಿಲು ಮಾತ್ರ ಮುಂದಿನದೊಂದೇ.

ತಮ್ಮ ನಮ್ಮ ಮನೆಗೇ ಬಂದ. ಮುದ್ದೆ ಮುರಿಯುತ್ತಾ, "ಏನ್ ಭಾವ, ಇಡೀ ಜಿಲ್ಲೆಗೆ ಬಾಗ್ಲು ಇಟ್ಟೋರು ನಮ್ಮೂರ್ಗೆ ಇನ್ನೊಂದು ಇಡೋಕಾಗಲ್ವಾ? ಹೆಣ್ಣು ಕೊಟ್ಟೋರು ಕಣಪ್ಪಾ ನಾವು," ಎಂದ.

"ಹೆಣ್ಣು ಕೊಟ್ರಿ ಅಂತ ಗೋಡೆ ಒಡೆಯೋಕಾಗಲ್ಲ ಕಣೋ," ಎಂದರು ಇವರು.

ಅವನು ನಕ್ಕ. ಸಾರು ಇನ್ನೊಂದು ಸಲ ಹಾಕಿಸಿಕೊಂಡ.

ಗೋಡೆಗಳೆದ್ದು ಕಟ್ಟಡ ಸಿಮೆಂಟು ಗಿಲಾವಿಗೆ ಬಂದಿತ್ತು. ಅಮ್ಮನನ್ನು ನೋಡಿಕೊಂಡು ಬರೋಣವೆಂದು ಆ ದಿನ ನಾನೂ ಅವರ ಜೊತೆ ಹೋಗಿದ್ದೆ. ಊರ ಮುಂದೆ ಇಳಿಯುವಾಗಲೇ ಸದ್ದು ಕೇಳಿಸಿತು. ಹಿಂದಿನ ಗೋಡೆಯನ್ನು ಸಮ್ಮಟಿಗೆಯಲ್ಲಿ ಒಡೆಯುತ್ತಿದ್ದರು. ಆಳು ಬಗ್ಗಿ ನುಗ್ಗುವಷ್ಟು ತೂತು ಆಗಲೇ ಬಿದ್ದಿತ್ತು. ಸಮ್ಮಟಿಗೆ ನನ್ನ ತಮ್ಮನ ಕೈಯಲ್ಲಿತ್ತು.

ಇವರು ಓಡಲಿಲ್ಲ, ನಡೆದುಕೊಂಡು ಹೋಗಿ ಆ ತೂತಿಗೆ ಬೆನ್ನು ಕೊಟ್ಟು ನಿಂತರು. ಪಕ್ಕಕ್ಕೆ ಬಾ ಎಂದು ತಮ್ಮ ಎರಡು ಸಲ ಹೇಳಿದ. ಆಮೇಲೆ ಸಮ್ಮಟಿಗೆ ಎತ್ತಿದ. ಹಿಡಿ ಜಾರಿತೆಂದು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾನೆ. ನಾನು ನೋಡಿದಾಗ ಅವನ ಎರಡೂ ಕೈ ಹಿಡಿಯ ಮೇಲೆ ಬಿಗಿಯಾಗಿದ್ದವು. ಏಟು ಕಿವಿಯ ಹಿಂದೆ ಬಿದ್ದು ಭುಜವನ್ನೂ ಮುರಿಯಿತು. ಗೋಡೆಗೆ ಬಿದ್ದ ಏಟಿನಷ್ಟು ಸದ್ದೂ ಆಗಲಿಲ್ಲ. ರಕ್ತ ಸಿಮೆಂಟಿನ ಪುಡಿಯಲ್ಲಿ ಹರಿಯದೆ ಅಲ್ಲೇ ಗಟ್ಟಿಯಾಯಿತು. ಅವರ ತಲೆ ಹಿಡಿದುಕೊಂಡ ನನ್ನ ಅಂಗೈಯಲ್ಲಿ ಮೂಳೆ ಮೆತ್ತಗೆ ಅಲುಗಿತು. ದೊಡ್ಡಬಳ್ಳಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಗಂಡ ಸತ್ತವಳಿಗೆ ತಿಥಿಯ ದಿನ ತವರಿನಿಂದ ಸೀರೆ ಬರಬೇಕು. ನನಗೆ ಬರಲಿಲ್ಲ, ತಮ್ಮ ಆಗ ಜೈಲಿನಲ್ಲಿದ್ದ. ವರ್ಷದ ತಿಥಿಯ ಹೊತ್ತಿಗೆ ಜಾಮೀನಿನ ಮೇಲೆ ಹೊರಗೆ ಬಂದಿದ್ದ. ರಕ್ತಸಂಬಂಧ ಕಡಿದುಕೊಳ್ಳಬಾರದು, ತವರಿನ ಸೀರೆ ಬೇಡವೆನ್ನಬಾರದು ಎಂದು ಹಿರಿಯರು ಬಂದು ಕೂತರು. ಆಗಲಿ ಎಂದೆ. ತಿಥಿ ಊಟ ಮಾತ್ರ ಆ ಭವನದಲ್ಲೇ, ಸೀರೆ ತರುವವರು ಅದರ ಬಾಗಿಲಿಂದ ಬರಲಿ ಎಂದೆ.

ಭವನದ ಉಳಿದ ಕೆಲಸ ಮುಗಿದಿತ್ತು, ಕೇಸು ಮುಗಿಯುವ ತನಕ ಮುಟ್ಟಬಾರದೆಂದು ಹಿಂದಿನ ಗೋಡೆಯನ್ನು ಹಾಗೇ ಬಿಟ್ಟಿದ್ದರು. ಕಾಲೋನಿಯವರು ಮುಂದಿನ ಬಾಗಿಲಿಂದ ಬಂದು ಎಲೆ ಮುಂದೆ ಕೂತರು. ನಮ್ಮೋರಲ್ಲೂ ನಾಲ್ಕಾರು ಜನ ಬಂದರು, ಗೋಡೆ ಕಡೆ ಮುಖ ಮಾಡಿ ಕೂತರು. ಬೆನ್ನ ಹಿಂದೆ ಕಲ್ಲುಪುಡಿ ಉದುರಿದಂತಾಗಿ ತಿರುಗಿದೆ. ತಮ್ಮನ ಹೆಂಡತಿ ಹಿತ್ತಾಳೆ ತಟ್ಟೆಯಲ್ಲಿ ಸೀರೆ ಹಿಡಿದು, ನನ್ನ ಗಂಡ ಬೆನ್ನು ಕೊಟ್ಟು ನಿಂತಿದ್ದ ಅದೇ ತೂತಿನಿಂದ ಬಗ್ಗಿ ಒಳಗೆ ಬರುತ್ತಿದ್ದಳು. ಆಚೆ ತಮ್ಮನ ಬಿಳಿ ಅಂಗಿ ಕಾಣಿಸುತ್ತಿತ್ತು.

"ಇವರು ಹಿಂಗೇ ಹೋಗು ಅಂದ್ರು ಅಕ್ಕ," ಎಂದಳು.

"ವಾಪಸ್ ಹೋಗು. ಬಾಗ್ಲಿಂದ ಬಾ, ಉಟ್ಕೋತೀನಿ."

ಅವಳು ಮತ್ತೆ ಬಗ್ಗಿ ಹೊರಗೆ ಹೋದಳು. ಏನೋ ಮೆಲ್ಲಗೆ ಹೇಳಿದ್ದು ಕೇಳಿಸಿತು. ಆಮೇಲೆ ಕಪಾಳಕ್ಕೆ ಬಿದ್ದ ಏಟು, ತಟ್ಟೆ ಕಲ್ಲಿನ ಮೇಲೆ ಉರುಳಿದ ಸದ್ದು. ಒಳಗೆ ಬಡಿಸುವವರ ಕೈ ನಿಂತಿತು.

ತುಸು ಹೊತ್ತಿಗೆ ಅವಳು ಮುಂದಿನ ಬಾಗಿಲಲ್ಲಿ ಕಾಣಿಸಿದಳು. ಕೈಯಲ್ಲಿ ತಟ್ಟೆ ಇರಲಿಲ್ಲ, ಸೀರೆ ಇರಲಿಲ್ಲ. ಕೆನ್ನೆಯ ಮೇಲೆ ಬೆರಳ ಗುರುತುಗಳು ಎದ್ದಿದ್ದವು, ತುಟಿ ಒಡೆದಿತ್ತು. ಹೊಸ್ತಿಲು ದಾಟಿ ಒಳಗೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಳು.

ನನ್ನ ಪಕ್ಕ ಇನ್ನೊಂದು ಎಲೆ ಹಾಕಿ ಎಂದೆ.