ಅತ್ತೆ ಸಕ್ಕರೆ ಹಾಕಿದ ಡಬ್ಬಿಗಳು

"ಐವತ್ತು ದಾಟಿದ ಮೇಲೂ ಕಣ್ಣಾಮುಚ್ಚಾಲೆ ಆಡ್ತೀಯಲ್ಲೇ" ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಭಾನುವಾರ ಪೂರ್ತಿ ಸೋಫಾದ ಮೇಲೆ ಬಿದ್ದುಕೊಂಡು ಬೇರೆಯವರು ಆಡುವ ಕ್ರಿಕೆಟ್ ನೋಡುವವರಿಗೆ ನನ್ನ ಆಟದ ಬಗ್ಗೆ ಮಾತಾಡುವ ಹಕ್ಕಿಲ್ಲ. ನಾನು ನನ್ನ ಆಟವನ್ನು ನಾನೇ ಆಡುತ್ತೇನೆ.

ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಟ್ಟು, ಆ ಜಾಗವನ್ನು ಆ್ಯಪಿನಲ್ಲಿ ಗುರುತು ಹಾಕುತ್ತಾರೆ. ನಾವು ಫೋನ್ ಹಿಡಿದು ಅಲ್ಲಿಗೆ ಹೋಗಿ ಹುಡುಕಬೇಕು. ಫೋನು ಹತ್ತಿರದ ತನಕ ಕರೆದುಕೊಂಡು ಹೋಗಿ ಕೈಬಿಡುತ್ತದೆ. ಅಲ್ಲಿಂದ ಮುಂದೆ ನಮ್ಮ ಕಣ್ಣು, ನಮ್ಮ ಅದೃಷ್ಟ. ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಸಹಿ ಹಾಕಿ, ಅಲ್ಲಿರುವ ಸಣ್ಣಪುಟ್ಟ ಸಾಮಾನಿನಲ್ಲಿ ಏನಾದರೂ ಬೇಕೆನಿಸಿದರೆ ತೆಗೆದುಕೊಂಡು, ಬದಲಿಗೆ ನಮ್ಮದೊಂದು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಮತ್ತೆ ಬಚ್ಚಿಡಬೇಕು. ಅಷ್ಟೇ. ಬಹುಮಾನವೂ ಇಲ್ಲ, ಚಪ್ಪಾಳೆಯೂ ಇಲ್ಲ. ಆಫೀಸಿನ ಗೆಳತಿಯೊಬ್ಬಳು ನನ್ನ ಫೋನಿಗೆ ಈ ಆ್ಯಪ್ ಹಾಕಿಕೊಟ್ಟಳು. ಅವಳು ಎರಡು ತಿಂಗಳಿಗೇ ಬೇಜಾರಾಗಿ ಬಿಟ್ಟಳು. ನನಗೆ ಹುಚ್ಚು ಹಿಡಿದದ್ದು ಹಿಡಿದೇ ಇದೆ.

ನನ್ನ ಮೊದಲ ಡಬ್ಬಿ ಸಿಕ್ಕಿದ್ದು ತುಮಕೂರಿನಲ್ಲೇ, ನಾನು ವರ್ಷಗಟ್ಟಲೆ ಕೂತು ಬಸ್ಸಿಗೆ ಕಾದ ಬೆಂಚಿನ ಅಡಿಯಲ್ಲಿ. ಆ ಬೆಂಚಿನ ಕೆಳಗೆ ಕೈ ಹಾಕಿ ತಡಕುತ್ತಿದ್ದೆ. ಪಕ್ಕದಲ್ಲಿ ಹೂ ಮಾರುವಾಕೆ "ಏನಕ್ಕಾ, ಓಲೆ ಬಿತ್ತಾ?" ಅಂದಳು. ಜಿಯೋಕ್ಯಾಶಿಂಗ್ ಅಂತ ಹೂವಿನಾಕೆಗೆ ಹೇಗೆ ವಿವರಿಸುವುದು? ಹೂಂ ಅಂದುಬಿಟ್ಟೆ. ತಗೋ, ಬಸ್ ಸ್ಟಾಪಿಗೆ ಸ್ಟಾಪೇ ಬಗ್ಗಿ ನನ್ನ ಓಲೆ ಹುಡುಕತೊಡಗಿತು! ಎರಡು ಓಲೆಯೂ ನನ್ನ ಕಿವಿಯಲ್ಲೇ ಇದ್ದವು. ಸೆರಗು ಎಳೆದು ಕಿವಿ ಮುಚ್ಚಿಕೊಂಡೆ. ಕೊನೆಗೆ ಒಬ್ಬ ತಾತ ಬೆಂಚಿನ ಕಬ್ಬಿಣಕ್ಕೆ ಆಯಸ್ಕಾಂತದಿಂದ ಅಂಟಿದ್ದ ಪುಟ್ಟ ಡಬ್ಬಿ ಕಿತ್ತು, "ಇದ್ರಲ್ಲೈತಾ ನೋಡವ್ವಾ" ಎಂದು ನನ್ನ ಕೈಗಿಟ್ಟ. ಕೋರ ಅನ್ನುವ ಊರಿನ ಹತ್ತಿರ ಹೈವೇ ಪಕ್ಕದ ತಡೆಗೋಡೆಯಲ್ಲಿ ಇನ್ನೊಂದು ಇತ್ತು. ಸಾಲಾಗಿ ಬೋಲ್ಟುಗಳು, ಅದರಲ್ಲಿ ಒಂದು ಸುಳ್ಳು ಬೋಲ್ಟು. ತಿರುಗಿಸಿದರೆ ಕೈಗೇ ಬಂತು, ಒಳಗೆ ಸುರುಳಿ ಸುತ್ತಿದ ಚೀಟಿ. ಬಿಸಿಲಲ್ಲಿ ಒಬ್ಬಳೇ ನಿಂತು ಕಿರುಚಿದ್ದೆ, ಲಾರಿಯವನೊಬ್ಬ ಹಾರ್ನ್ ಹೊಡೆದುಕೊಂಡು ಹೋದ. ಈಗ ಯೋಚಿಸಿದರೆ ಆ ಡಬ್ಬಿಗಳ ಒಳಗೆ ಏನಿತ್ತು ಅನ್ನುವುದೇ ನೆನಪಿಲ್ಲ. ಹುಡುಕುವಾಗ ಯಾರು ಏನಂದರು ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ.

ಇನ್ನು ನನ್ನ ಅತ್ತೆಯ ವಿಷಯ. ನಾನೂ ನನ್ನ ಗಂಡನೂ ಬೇರೆ ಬೇರೆ ಜಾತಿ. ಇಷ್ಟಪಟ್ಟು ಮದುವೆಯಾದವರು. ಅತ್ತೆ ಜಗಳ ಆಡಲಿಲ್ಲ, ಶಾಪ ಹಾಕಲಿಲ್ಲ, ಮಗಳು ಹುಟ್ಟಿದಾಗ ಬಂದು ಬಾಣಂತನವನ್ನೂ ಮಾಡಿದರು. ಆದರೆ ನಾನು ಬೇಯಿಸಿದ್ದನ್ನು ಒಂದು ದಿನವೂ ತಿನ್ನಲಿಲ್ಲ. ಮಾವ ತೀರಿಕೊಂಡ ಮೇಲೆ ಗುಬ್ಬಿಯಿಂದ ನಮ್ಮ ಮನೆಗೆ ಬಂದು ಇದ್ದುಬಿಟ್ಟರಲ್ಲ, ಆಗಲೂ ಒಂದು ಸಣ್ಣ ಸ್ಟೌ, ನಾಲ್ಕು ಪಾತ್ರೆ ಜೊತೆಗೇ ತಂದರು. "ನಂದು ನಾನು ಮಾಡ್ಕೋತೀನಿ ಬುಡು, ಆಫೀಸಿಗೆ ಹೋಗೋಳು, ನಿಂಗ್ಯಾಕೆ ತೊಂದ್ರೆ." ಎಷ್ಟು ನಯವಾದ ಮಾತು ನೋಡಿ! ಕಾರಣ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಬ್ಬದ ದಿನ ನಾನು ಮಾಡಿದ ಪಾಯಸದ ಬಟ್ಟಲು ಅವರ ಮುಂದೆ ಆರಿ, ಕೆನೆ ಕಟ್ಟಿ, ಮತ್ತೆ ಅಡುಗೆಮನೆಗೇ ವಾಪಸ್ ಬರುತ್ತಿತ್ತು. ಜಾತಿ ಅನ್ನುವುದಕ್ಕಿಂತ ಆ ಬಟ್ಟಲಿನ ಮೇಲೆ ನನಗೆ ಸಿಟ್ಟು. ಒಂದೇ ಒಂದು ಸಲ ಇವರು ನನ್ನ ಕೈಯ ಅನ್ನ ತಿನ್ನಬೇಕು ಎನ್ನುವ ಹಟ ನನ್ನೊಳಗೆ ಕೂತುಬಿಟ್ಟಿತ್ತು. ಹಟವೋ ಆಸೆಯೋ, ಎರಡೂ ಇರಬೇಕು.

ಸಕ್ಕರೆ ಕಾಯಿಲೆಯವರು, ಬೆಳಿಗ್ಗೆ ಇನ್ಸುಲಿನ್ ತಗೊಳ್ಳುವವರು, ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿಲ್ಲ. ಕ್ರಿಕೆಟ್ ನೋಡುವವರನ್ನು ನಂಬುವ ಹಾಗೂ ಇಲ್ಲ. ಒಂದು ಭಾನುವಾರ "ಬನ್ನಿ ಅತ್ತೆ, ಕುಣಿಗಲ್‌ವರೆಗೂ ಹೋಗಿಬರೋಣ" ಅಂದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ವಯರ್ ಬ್ಯಾಗಿನಲ್ಲಿ ತಮ್ಮ ತಿಂಡಿ ಡಬ್ಬಿ, ನೀರಿನ ಬಾಟಲ್ ಇಟ್ಟುಕೊಂಡು ನನಗಿಂತ ಮೊದಲು ಕಾರಿನಲ್ಲಿ ಕೂತಿದ್ದರು.

ಕುಣಿಗಲ್ ಕೆರೆ ಏರಿಯ ಕಲ್ಲುಗಳ ಸಂದಿಯಲ್ಲಿ ಒಂದು ಡಬ್ಬಿ ಇತ್ತು. ನಾನು ಫೋನ್ ನೋಡಿಕೊಂಡು ಅತ್ತ ಇತ್ತ ತಿರುಗುತ್ತಿದ್ದಾಗ, ಅತ್ತೆ ಕೋಲಿನಿಂದ ಒಂದು ಕಲ್ಲನ್ನು ತಟ್ಟಿ "ಈ ಕಲ್ಲನ್ನ ಯಾರೋ ಕೈಯಾರೆ ಇಟ್ಟವ್ರೆ ಕಣೇ" ಅಂದರು. ಸರಿಸಿದರೆ ಅಲ್ಲೇ ಇತ್ತು! ಅವರ ಮುಖ ನೋಡಬೇಕಿತ್ತು. ಮಾವ ಹೋದ ಮೇಲೆ ಅವರು ಅಷ್ಟು ಬಾಯಿ ತೆರೆದು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಾನು ಸಹಿ ಹಾಕಿ ಡಬ್ಬಿ ಮುಚ್ಚಲು ಹೋದರೆ ಕೈ ಹಿಡಿದುಕೊಂಡರು.

"ಹಂಗೇ ಇಟ್ಬುಡ್ತೀಯಾ?"

"ಮತ್ತೆ?"

"ಒಬ್ರ ಮನೆ ಡಬ್ಬಿ ನಮ್ ಕೈಗೆ ಬಂದ್ಮೇಲೆ ಬರಿದೆ ವಾಪಸ್ ಕೊಡ್ತಾರೇನೇ? ಒಂಚೂರು ಸಕ್ಕರೆನಾದ್ರೂ ಹಾಕ್ಬೇಕು."

ಅಕ್ಕಪಕ್ಕದ ಮನೆಗೆ ಪಾತ್ರೆ ವಾಪಸ್ ಕೊಡುವಾಗ ನಾವೆಲ್ಲ ಮಾಡುವುದೇ ಅದು. ಆದರೆ ಕೆರೆ ಏರಿಯ ಕಲ್ಲಿನ ಕೆಳಗೂ ಅದೇ ರೂಢಿಯೇ? "ಅತ್ತೆ, ಇದರಲ್ಲಿ ತಿನ್ನೋದು ಹಾಕಬಾರದು, ರೂಲ್ಸ್ ಇದೆ" ಅಂದೆ. ಆಯಿತು ಅಂದರು. ನಾನು ಆ ಕಡೆ ತಿರುಗಿದ ಕೂಡಲೇ ಹಾಕಿದ್ದಾರೆ, ಪುಣ್ಯಾತ್ಗಿತ್ತಿ. ಎರಡು ವಾರದ ಮೇಲೆ ಡಬ್ಬಿ ಇಟ್ಟವರು ಆ್ಯಪಿನಲ್ಲಿ ಬರೆದರು: ಒಳಗೆ ಸಕ್ಕರೆ, ಕೊಡುಬಳೆ ಚೂರು, ಇರುವೆಗಳ ದೊಡ್ಡ ಸಂಸಾರ, ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಚೀಟಿಯಲ್ಲಿ ಕೊನೆಯ ಸಹಿ ನನ್ನದೇ. ನಾಚಿಕೆಯಿಂದ ಸತ್ತೇ ಹೋದೆ. ಮನೆಯಲ್ಲಿ ಅತ್ತೆಗೆ ಚೆನ್ನಾಗಿ ಅಂದೆ. ಅವರು ತಮ್ಮ ಸ್ಟೌವಿನ ಮುಂದೆ ಕೂತು ಅವರೆಕಾಳು ಸುಲಿಯುತ್ತಾ, "ಇರುವೇನೂ ತಿನ್ಲಿ ಬುಡು" ಅಂದರು.

ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಯಾರೋ, ಎಲ್ಲಿಯವರೋ, ಯಾವ ಜಾತಿಯೋ, ಅವರೆಲ್ಲರಿಗೂ ಇವರ ಕೈಯ ಕೊಡುಬಳೆ ಆಗುತ್ತದೆ. ಇರುವೆಗೂ ಆಗುತ್ತದೆ. ಒಂದೇ ಸೂರಿನ ಕೆಳಗಿರುವ ನನ್ನ ಕೈಯ ತುತ್ತು ಮಾತ್ರ ಇವರಿಗೆ ಆಗುವುದಿಲ್ಲ. ಅಂದೇಬಿಡಬೇಕು ಅಂತ ಬಾಯಿ ತೆರೆದೆ. ಆದರೆ ಕಾಳು ಸುಲಿಯುತ್ತಿದ್ದ ಆ ಬೆರಳುಗಳನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಕೊಡುವುದಕ್ಕೆ ಅಷ್ಟು ಸಲೀಸಾಗಿ ಚಾಚುವ ಕೈ ತೆಗೆದುಕೊಳ್ಳುವಾಗ ಯಾಕೆ ಹಿಂದೆ ಸರಿಯುತ್ತದೆ ಎಂದು ಬಹಳ ದಿನ ಯೋಚಿಸಿದ್ದೇನೆ. ಅವರನ್ನು ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲವೇನೋ. ಅವರ ಅತ್ತೆ ಹೇಳಿಕೊಟ್ಟದ್ದು, ಅವರ ಅಮ್ಮ ಹೇಳಿಕೊಟ್ಟದ್ದು. ಯಾರೂ ಯೋಚನೆ ಮಾಡಿ ಕಲಿತದ್ದಲ್ಲ.

ಅದಾದ ಮೇಲೆಯೂ ಭಾನುವಾರ ಬಂದರೆ ಅತ್ತೆಯೇ "ಇವತ್ತು ಎತ್ತಾಗೆ?" ಅನ್ನತೊಡಗಿದರು. ಹೋದ ಚಳಿಗಾಲದ ಒಂದು ಭಾನುವಾರ ಗುಬ್ಬಿ ಮತ್ತು ಹಾಗಲವಾಡಿ ಎರಡನ್ನೂ ಮುಗಿಸೋಣ ಎಂದು ಹೊರಟೆವು. ಗುಬ್ಬಿಯಲ್ಲಿ ಅವರಿಗೆ ಗೊತ್ತಿಲ್ಲದ ಬೀದಿಯಿಲ್ಲ. ಹಳೆಯ ಗೋಡೆಯೊಂದರ ಬಿರುಕಿನಲ್ಲಿದ್ದ ಡಬ್ಬಿಯನ್ನು ಅವರೇ ತೆಗೆದು, ಅವರೇ ಮುಚ್ಚಿ, ಅವರೇ ಇಟ್ಟರು. ನಾನು ಅಲ್ಲಿಗೆ ಬಂದ ಅವರ ಹಳೆಯ ನೆರೆಯವರೊಬ್ಬರ ಜೊತೆ ಮಾತಿಗೆ ಸಿಕ್ಕಿಕೊಂಡಿದ್ದೆ.

ಹಾಗಲವಾಡಿಯ ಆಚೆ, ಊರಿಂದ ದೂರ, ಬಂಡೆಗಳ ಗುಂಪಿನಲ್ಲಿ ಎರಡನೆಯದು. ಅದು ಸಿಗಲಿಲ್ಲ, ಸಿಗಲಿಲ್ಲ, ಸಿಗಲೇ ಇಲ್ಲ. ಬಿಸಿಲೇರಿತು. "ತಿಂಡಿ ತಿನ್ನಿ ಅತ್ತೆ, ಆಮೇಲೆ ಹುಡುಕೋಣ" ಅಂದರೆ, "ಸಿಕ್ಮೇಲೆ ತಿಂತೀನಿ" ಎಂಬ ಮೊಂಡು. ಕೊನೆಗೆ ಸಿಕ್ಕಿತು, ಬಂಡೆಯ ಬುಡದಲ್ಲಿ, ಹಸಿರು ಬಣ್ಣ ಬಳಿದ ಪ್ಲಾಸ್ಟಿಕ್ ಡಬ್ಬಿ. ನಾನು ಸಹಿ ಹಾಕುತ್ತಿದ್ದೆ. ಇವರು ಮೆಲ್ಲಗೆ ವಯರ್ ಬ್ಯಾಗಿನಿಂದ ತಮ್ಮ ತಿಂಡಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು, ಒಂದು ಕೊಡುಬಳೆ ಆ ಹಸಿರು ಡಬ್ಬಿಯೊಳಗೆ ಹಾಕೋಣ ಅಂತ. ಬಂಡೆ ಮೇಲೆ ಕೂತಿದ್ದ ಕೋತಿಗೆ ಅಷ್ಟೇ ಸಾಕಾಯಿತು. ತಿಂಡಿ ಡಬ್ಬಿ, ಬ್ಯಾಗು ಎರಡನ್ನೂ ಕಿತ್ತುಕೊಂಡು ಹೋಗಿ ಮೇಲೆ ಕೂತು, ನಮ್ಮ ಎದುರಿಗೇ ಅದರಲ್ಲಿದ್ದ ರೊಟ್ಟಿ ತಿಂದಿತು. ಅತ್ತೆ ಅದರ ವಂಶವನ್ನೆಲ್ಲ ಬೈದರು. ನಾನು ನಕ್ಕೂ ನಕ್ಕೂ ಸುಸ್ತಾದೆ.

ಕಾರಿನ ಹತ್ತಿರ ಬರುವಷ್ಟರಲ್ಲಿ ಅವರು ಬೈಯುವುದನ್ನು ನಿಲ್ಲಿಸಿದ್ದರು. ತಿರುಗಿ ನೋಡಿದರೆ ಹಣೆಯಲ್ಲಿ ಬೆವರು ಹನಿಹನಿಯಾಗಿ ನಿಂತಿದೆ, ಕೈ ಗಡಗಡ ನಡುಗುತ್ತಿದೆ. ಇನ್ಸುಲಿನ್ ತಗೊಂಡಿದ್ದಾರೆ, ಹೊಟ್ಟೆಗೇನೂ ಬಿದ್ದಿಲ್ಲ. ಕಾರಿನ ಬಾಗಿಲು ತೆಗೆದು ಸೀಟಿನಲ್ಲಿ ಕೂರಿಸಿದೆ. ಇಂಥ ಹೊತ್ತಿಗೆಂದೇ ಡಾಕ್ಟರು ಸೆರಗಿನ ಗಂಟಿನಲ್ಲಿ ಒಂದು ಸಕ್ಕರೆ ಪೊಟ್ಟಣ ಇಟ್ಟುಕೊಂಡಿರಿ ಎಂದು ಹೇಳಿದ್ದರು.

"ಅತ್ತೆ, ಸಕ್ಕರೆ ಪೊಟ್ಟಣ ಎಲ್ಲಿ?"

"ಗುಬ್ಬೀಲಿ... ಆ ಡಬ್ಬೀಲಿ..." ನಾಲಿಗೆ ತೊದಲುತ್ತಿತ್ತು.

ನನ್ನ ಬ್ಯಾಗಿನಲ್ಲಿ ನನ್ನ ಊಟದ ಡಬ್ಬಿ ಇತ್ತು. ಮೇಲಿನ ಬಟ್ಟಲಿನಲ್ಲಿ ಹಿಂದಿನ ದಿನ ನಾನು ಕಟ್ಟಿದ ರವೆಉಂಡೆ. ತೆಗೆದು ಅವರ ಬಾಯಿಯ ಹತ್ತಿರ ಹಿಡಿದೆ. ಅಂಥ ಸ್ಥಿತಿಯಲ್ಲೂ ತುಟಿ ಬಿಗಿದುಕೊಂಡು ಮುಖ ತಿರುಗಿಸಿದರು! ಅಷ್ಟು ವರ್ಷದ್ದೆಲ್ಲ ಒಟ್ಟಿಗೆ ಕಿತ್ತುಕೊಂಡು ಬಂತು.

"ಸಾಯ್ತೀರಾ? ಇದು ನಾನು ಮಾಡಿದ್ದು ಅಂತ ಇಲ್ಲೇ ಸಾಯ್ತೀರಾ? ನಿಮ್ಮ ಮಗನಿಗೆ ನಾನು ಏನಂತ ಹೇಳ್ಲಿ? ಬಾಯಿ ತೆಗೀರಿ ಅತ್ತೆ!" ಅಳುತ್ತಾ ಕಿರುಚಿದೆ. ಬಾಯಿ ತೆರೆದರು. ಪುಡಿ ಮಾಡಿ ಮಾಡಿ ತಿನ್ನಿಸಿದೆ, ನೀರು ಕುಡಿಸಿದೆ, ಇನ್ನೊಂದು ಉಂಡೆ ತಿನ್ನಿಸಿದೆ. ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡೆ.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಬೆವರು ಆರಿತು, ಮಾತು ಸರಿಯಾಯಿತು. ನನಗೆ ಗೆದ್ದೆ ಅಂತ ಅನಿಸಲಿಲ್ಲ, ನಿಜ ಹೇಳುತ್ತೇನೆ. ಪ್ರಾಣ ಹೋಗುವಾಗ ತಿನ್ನಿಸಿದ್ದೂ ಒಂದು ತಿನ್ನಿಸುವಿಕೆಯೇ? "ನಡೀರಿ ಅತ್ತೆ, ಊರೊಳಗೆ ಬಾಳೆಹಣ್ಣು ಸಿಗುತ್ತೆ, ತಿನ್ನೋರಂತೆ. ಮನೆಗೆ ಹೋಗಿ ನಿಮ್ಮ ಅಡುಗೆ ಮಾಡ್ಕೊಳ್ಳೋರಂತೆ" ಎಂದು ಬಿಗುವಾಗಿಯೇ ಹೇಳಿ ಎದ್ದೆ.

ಅವರು ಏಳಲಿಲ್ಲ. ಕಾರಿನ ಸೀಟಿನಲ್ಲಿ ಕಾಲು ಹೊರಗೆ ಬಿಟ್ಟುಕೊಂಡು ಕೂತೇ ಇದ್ದರು. ನನ್ನ ಡಬ್ಬಿಯ ಕೆಳಗಿನ ಬಟ್ಟಲನ್ನು ನೋಡುತ್ತಿದ್ದರು.

"ಅದ್ರಲ್ಲೇನೈತೆ?"

"ಚಿತ್ರಾನ್ನ."

ಮುಚ್ಚಳವನ್ನು ತಾವೇ ಎತ್ತಿಕೊಂಡು, ತಟ್ಟೆಯ ಹಾಗೆ ಅಂಗೈ ಮೇಲಿಟ್ಟು ನನ್ನ ಮುಂದೆ ಚಾಚಿದರು. "ಹಾಕು."

ಒಂದು ಚಮಚ ಹಾಕಿದೆ. ನಿಧಾನವಾಗಿ, ಅಗಿದು ಅಗಿದು ತಿಂದರು. ನನ್ನ ಮುಖ ನೋಡಲಿಲ್ಲ. ಮತ್ತೆ ಮುಚ್ಚಳ ಚಾಚಿದರು. "ಇನ್ನೊಂಚೂರು ಹಾಕೇ."

ರವೆಉಂಡೆ ತಿಂದದ್ದು ಅವರ ಕಾಯಿಲೆ. ಚಿತ್ರಾನ್ನ ತಿಂದದ್ದು ನನ್ನ ಅತ್ತೆ. ಡಬ್ಬಿಯಲ್ಲಿದ್ದಷ್ಟನ್ನೂ ಹಾಕಿದೆ, ನನಗೆ ಅಂತ ಒಂದಗುಳೂ ಉಳಿಸಿಕೊಳ್ಳಲಿಲ್ಲ.