ಸೂಜಿಯಕ್ಕನ ತಲೆಸುತ್ತು

ಸೂಜಿಯಕ್ಕ ಕುಡಿಯುತ್ತಾಳೆ ಎಂದು ನಾನು ಸುಮಾರು ಮೂರು ವಾರ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ, ಬುದ್ಧಿಯನ್ನೂ ಹೇಳಿಬಿಟ್ಟೆ.

ಆಕೆಯದು ಬ್ಯಾಗು, ಸೂಟ್‌ಕೇಸು ರಿಪೇರಿ ಅಂಗಡಿ. ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ, ರಸ್ತೆಯಿಂದ ನಾಲ್ಕು ಮೆಟ್ಟಿಲು ಕೆಳಗೆ. ಒಂದು ಬಾಗಿಲು, ಒಂದು ಕಿಟಕಿ, ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಹಿಡಿಕೆ ಕಿತ್ತ ಚೀಲಗಳು. ವಯಸ್ಸು ಐವತ್ತೆರಡು. ದಪ್ಪ ಚರ್ಮಕ್ಕೂ ಒಂದೇ ಒತ್ತಿಗೆ ಸೂಜಿ ದಾಟಿಸುತ್ತಿದ್ದುದರಿಂದ ಆ ಹೆಸರು ಬಂತು ಎಂದು ಆಕೆ ಹೇಳುತ್ತಾಳೆ. ಆಕೆಯ ಜೊತೆ ಎರಡು ನಿಮಿಷ ಮಾತಾಡಿದವರು ಬೇರೆ ಕಾರಣ ಹೇಳುತ್ತಾರೆ. ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರೆಯುವ ನನ್ನನ್ನು ಆಕೆ ಕರೆಯುವುದು ‘ಪೇಪರಣ್ಣ’ ಎಂದು. ಬೆಳಿಗ್ಗೆ ಪೇಪರು ಹಾಕುವವನನ್ನೂ ಹಾಗೆಯೇ ಕರೆಯುತ್ತಾಳೆ, ಅವನನ್ನು ಸ್ವಲ್ಪ ಹೆಚ್ಚು ಮರ್ಯಾದೆಯಿಂದ.

ಒಂದು ಮಧ್ಯಾಹ್ನ ರಿಪೇರಿಗೆ ಕೊಟ್ಟ ಸೂಟ್‌ಕೇಸು ತರಲು ಹೋದೆ. ಬಾಗಿಲು, ಕಿಟಕಿ ಎರಡೂ ಮುಚ್ಚಿದ್ದವು. ತಟ್ಟಿದೆ. ಬಾಗಿಲು ತೆಗೆದವಳು ಚೌಕಟ್ಟು ಹಿಡಿದುಕೊಂಡೇ ನಿಂತಳು. ಒಳಗಿನಿಂದ ಘಾಟು ವಾಸನೆಯೊಂದು ನುಗ್ಗಿ ಬಂತು. ಸೂಟ್‌ಕೇಸು ತರಲು ತಿರುಗಿದವಳು ಮೇಜಿಗೆ ಸೊಂಟ ಬಡಿಸಿಕೊಂಡಳು. ಎತ್ತಿದ ಸೂಟ್‌ಕೇಸು ಕೈಯಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು. ಮುಚ್ಚಿದ ಬಾಗಿಲು, ವಾಸನೆ, ತೂರಾಟ: ಮೂರನ್ನೂ ಕೂಡಿಸಿದೆ. ಕೂಡಿಸುವ ಲೆಕ್ಕದಲ್ಲಿ ನಾನು ಚಿಕ್ಕಂದಿನಿಂದಲೂ ಹಿಂದೆ.

ಮೂರು ವಾರ ಮನಸ್ಸಿನಲ್ಲೇ ಮರುಗಿದೆ. ಕೊನೆಗೊಂದು ದಿನ, ಸಮಾಜದ ಹೊಣೆ ಹೊತ್ತವರ ದನಿಯಲ್ಲಿ ಹೇಳಿದೆ:

“ಅಕ್ಕಾ, ಆರೋಗ್ಯ ಹಾಳಾಗುತ್ತೆ. ಇದನ್ನ ಬಿಟ್ಟುಬಿಡಿ.”

“ಯಾವುದನ್ನ?”

“ಅದೇ... ಬಾಗಿಲು ಮುಚ್ಕೊಂಡು ಮಾಡ್ತೀರಲ್ಲ, ಅದನ್ನ.”

“ಬಾಗಿಲು ಮುಚ್ಕೊಂಡು ನಾನು ಅಂಟು ಹಚ್ತೀನಿ. ನೀವೇನು ಮಾಡ್ತೀರೋ ನನಗೊತ್ತಿಲ್ಲ.”

ನನ್ನ ಮುಖ ನೋಡಿದ ಮೇಲೆ ಆಕೆಗೆ ವಿಷಯ ಹೊಳೆಯಿತು. ಸಿಟ್ಟಾಗುತ್ತಾಳೆಂದು ಎರಡು ಹೆಜ್ಜೆ ಹಿಂದೆ ಸರಿದೆ. ಆಕೆ ನಕ್ಕುಬಿಟ್ಟಳು. ನಕ್ಕು ನಕ್ಕು, ಆಮೇಲೆ ಸ್ಟೂಲಿನ ಮೇಲೆ ಕೂತು ಬಲಗೈ ಮುಂದೆ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ಎಂಟು ತಿಂಗಳಾಯ್ತು ಪೇಪರಣ್ಣ. ಹನ್ನೊಂದು ಗಂಟೆ ಆಯ್ತು ಅಂದ್ರೆ ತಲೆ ಸುತ್ತೋಕೆ ಶುರು. ಕಾಲು ಹತ್ತಿ ತುಂಬಿದ ಹಾಗೆ. ಕೈ ನನ್ನ ಮಾತೇ ಕೇಳಲ್ಲ. ಸೂಜಿ ಎಳೆಯೋಕೆ ಇಕ್ಕಳ ಬೇಕು ಈಗ. ಸೂಜಿಯಕ್ಕ ಅಂತೆ, ಸೂಜಿಯಕ್ಕ!”

ವೈದ್ಯರನ್ನು ಕಂಡಿರಲಿಲ್ಲವೆಂದಲ್ಲ. ಕಿವಿಯವರು ದೋಷ ಕಿವಿಯಲ್ಲಿದೆ ಎಂದರು. ಕಣ್ಣಿನವರು ಕನ್ನಡಕ ಬದಲಿಸಿದರು. ಇನ್ನೊಬ್ಬರು ರಕ್ತ ಕಡಿಮೆ ಎಂದರು. ಪರೀಕ್ಷೆಯಲ್ಲಿ ರಕ್ತ ಸರಿಯಾಗಿಯೇ ಬಂದಾಗ ಹಾಗಾದರೆ ವಯಸ್ಸು ಹೆಚ್ಚು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಮಾತ್ರೆಗಳು ಬದಲಾದವು, ತಲೆಸುತ್ತು ಬದಲಾಗಲಿಲ್ಲ.

ಇದರಿಂದ ಸುಖಪಟ್ಟವನು ಆಕೆಯ ತಮ್ಮನೊಬ್ಬನೇ. ಅಂಗಡಿ ಅಪ್ಪ ಬಿಟ್ಟುಹೋದದ್ದು. ಅಕ್ಕ ದುಡಿಯುವಷ್ಟು ದಿನ ಅಕ್ಕನದು, ಆಮೇಲೆ ತಮ್ಮನದು ಎಂದು ಮಾತಾಗಿತ್ತು. ಅವನಿಗೆ ಅಲ್ಲಿ ಮೊಬೈಲು ಕವರಿನ ಅಂಗಡಿ ತೆರೆಯುವ ಹುಚ್ಚು. ವಾರಕ್ಕೊಮ್ಮೆ ಆರೋಗ್ಯ ವಿಚಾರಿಸಲು ಬಂದು ಗೋಡೆಗಳನ್ನು ವಿಚಾರಿಸಿಕೊಂಡು ಹೋಗುತ್ತಿದ್ದ.

“ಅಕ್ಕಾ, ವರ್ಷದ ಕೊನೆವರೆಗೆ ನೋಡು. ಕೈ ಬರ್ಲಿಲ್ಲ ಅಂದ್ರೆ ಕೀ ಕೊಟ್ಟು ಆರಾಮಾಗಿರು.”

“ಆರಾಮಾಗಿರೋಕೆ ನನಗೆ ಬರಲ್ಲ ಕಣೋ. ಯಾರೂ ಕಲಿಸಿಲ್ಲ.”

ಮಾಡಿದ ಅನುಮಾನಕ್ಕೆ ಪ್ರಾಯಶ್ಚಿತ್ತವೆಂದು ದೊಡ್ಡಾಸ್ಪತ್ರೆಗೆ ನಾನೂ ಫೈಲು ಹಿಡಿದು ಜೊತೆಗೆ ಹೋದೆ. ನರದ ವಿಭಾಗದಲ್ಲಿ ಕೂತಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಫೈಲನ್ನು ಪಕ್ಕಕ್ಕಿಟ್ಟು ಕೇಳಿದಳು:

“ಅಮ್ಮಾ, ಅಂಗಡಿ ತೆಗೆದಾಗಿಂದ ಮುಚ್ಚೋವರೆಗೂ ಏನು ಮಾಡ್ತೀರಿ?”

“ಕೆಲಸ.”

“ಏನು ಕೆಲಸ?”

“ಬಂದ ಕೆಲಸ.”

“ಸರಿ. ಹದಿನೈದು ದಿನ ಬರೆದಿಟ್ಟುಕೊಂಡು ಬನ್ನಿ. ತಲೆ ಯಾವಾಗ ಸುತ್ತಿತು, ಆಗ ಕೈಯಲ್ಲಿ ಏನಿತ್ತು. ಅಷ್ಟೇ ಸಾಕು.”

ಸೂಜಿಯಕ್ಕ ನನ್ನತ್ತ ಕೈ ತೋರಿಸಿದಳು. “ಇವರು ಬರೀತಾರೆ. ಇವರಿಗೆ ಬೇರೆ ಕೆಲಸ ಇಲ್ಲ.”

ಮೊದಲ ದಿನವೇ ನಾನು ಒಂದು ಪುಟ ಬರೆದೆ. ‘ಬಿಸಿಲು ಮೆಟ್ಟಿಲಿಳಿಯುವ ಹೊತ್ತಿಗೆ ಭೂಮಿಯೇ ಬುಗುರಿಯಾಗಿ’ ಎಂದು ಶುರುವಾಗುತ್ತಿತ್ತು. ಓದಿ ಹೇಳಿದೆ. ಆಕೆ ಕತ್ತರಿ ಕೆಳಗಿಟ್ಟಳು.

“ಭೂಮಿ ಬುಗುರಿ ಆಗ್ಲಿಲ್ಲ. ನಾನು ಮೇಜು ಹಿಡ್ಕೊಂಡೆ. ಹನ್ನೊಂದೂ ಕಾಲು. ಕೈಯಲ್ಲಿ ಕೆಂಪು ಬ್ಯಾಗು, ಅಂಟು ಹಚ್ತಿದ್ದೆ. ಬರ್ಕೊಳ್ಳಿ.”

ಉಳಿದ ಹದಿನಾಲ್ಕು ದಿನ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಆಕೆ ಹೇಳಿದ್ದನ್ನಷ್ಟೇ ಬರೆದುಕೊಂಡೆ. ನನ್ನ ಬರಹದಿಂದ ಲೋಕಕ್ಕೆ ಉಪಕಾರವಾದದ್ದು ಇದೊಂದೇ ಸಲ. ಅದರಲ್ಲಿ ನನ್ನದೆಂಬ ಮಾತು ಒಂದೂ ಇರಲಿಲ್ಲ.

ಡಾಕ್ಟರಮ್ಮ ಹಾಳೆಯ ಮೇಲೆ ಪೆನ್ನು ಓಡಿಸಿದಳು. ಜಿಪ್ಪು ಹಾಕಿದ ದಿನ ತಲೆಸುತ್ತಿಲ್ಲ. ಹೊಲಿಗೆಯ ದಿನ ಇಲ್ಲ. ವಾರದ ರಜೆಯ ದಿನ ಇಲ್ಲ. ಅಂಟಿನ ದಿನ ಮಾತ್ರ ತಪ್ಪದೆ ಇದೆ. ‘ಅಂಟು’ ಎಂಬಲ್ಲೆಲ್ಲ ಸುತ್ತು ಹಾಕಿದಳು; ಒಂಬತ್ತು ಸುತ್ತಾಯಿತು.

“ಈ ನಡುವೆ ಅಂಗಡಿಯಿಂದ ತುಂಬ ದಿನ ದೂರ ಇದ್ದದ್ದುಂಟಾ?”

“ಮಗಳ ಬಾಣಂತನಕ್ಕೆ ಮೂರು ವಾರ ಹೋಗಿದ್ದೆ. ತಲೆಸುತ್ತು ಹತ್ತಿರ ಸುಳೀಲಿಲ್ಲ. ನಮ್ಮನೆ ಗಾಳೀನೇ ಹಾಗೆ ಅಂತ ಅಳಿಯ ಎದೆ ಉಬ್ಬಿಸ್ಕೊಂಡು ಓಡಾಡಿದ.”

“ಅಳಿಯ ಹೇಳಿದ್ದು ಮುಕ್ಕಾಲು ಪಾಲು ಸರಿ. ನಾಳೆ ಆ ಅಂಟು ತನ್ನಿ.”

ಮರುದಿನ ಡಬ್ಬದ ಮುಚ್ಚಳ ತೆಗೆದದ್ದೇ ತಡ, ಡಾಕ್ಟರಮ್ಮ ಕುರ್ಚಿಸಮೇತ ಹಿಂದೆ ಸರಿದಳು. ನನಗೆ ವಾಸನೆಯ ಗುರುತು ಸಿಕ್ಕಿತು: ಸೂಟ್‌ಕೇಸಿನ ದಿನ ಬಾಗಿಲಲ್ಲಿ ಮೂಗಿಗೆ ಬಡಿದದ್ದು ಇದೇ.

“ಈ ವಾಸನೆ ನಿಮಗೆ ತೊಂದರೆ ಕೊಡಲ್ವಾ ಅಮ್ಮಾ?”

“ಯಾವ ವಾಸನೆ?”

ಡಾಕ್ಟರಮ್ಮ ಮುಚ್ಚಳ ಬಿಗಿಯಾಗಿ ಹಾಕಿದಳು. “ಕಿಟಕಿ ತೆಗೆದಿರ್ತೀರಾ?”

“ಅದು ಹೇಗಾಗುತ್ತೆ? ಅಂಟು ಹಚ್ಚುವಾಗ ಕಿಟಕಿ ಬಾಗಿಲು ಮುಚ್ಚಬೇಕು.”

“ಯಾರು ಹೇಳಿದ್ದು?”

“ಅಪ್ಪ.”

ಅಪ್ಪ ಹೇಳಿದ್ದು ತಪ್ಪಲ್ಲ. ಅವನ ಕಾಲದ ಅಂಟು ಒಲೆಯ ಮೇಲೆ ಬಿಸಿ ಮಾಡಿ ಹಚ್ಚುವಂಥದು. ತಂಗಾಳಿ ಬಿದ್ದರೆ ಹಚ್ಚುವ ಮೊದಲೇ ಗಟ್ಟಿಯಾಗುತ್ತಿತ್ತು. ಸೂಜಿಯಕ್ಕನೂ ಅದನ್ನೇ ಹಚ್ಚುತ್ತ ಬಂದಿದ್ದಳು. ಆದರೆ ಈಗಿನ ಬ್ಯಾಗುಗಳಲ್ಲಿ ಹೊಲಿಗೆ ಕಡಿಮೆ, ಅಂಟೇ ಹೆಚ್ಚು. ವರ್ಷದ ಹಿಂದೆ ಈ ಡಬ್ಬದ ಅಂಟು ಅಂಗಡಿಗೆ ಬಂತು. ಅಂಟು ಬದಲಾಯಿತು, ಅಪ್ಪನ ಮಾತು ಬದಲಾಗಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಅದರ ಆವಿ ಕುಡಿದು ಕುಡಿದು ತಲೆ ಸುತ್ತಿತ್ತು, ಕೈಕಾಲಿನ ನರಗಳು ಸೋತಿದ್ದವು. ಕುಡಿಯುತ್ತಾಳೆ ಎಂದು ನಾನು ತಿಳಿದದ್ದರಲ್ಲಿ ಒಂದೆಳೆ ನಿಜವಿತ್ತು ಎಂದು ಆಮೇಲೆ ಹೇಳಿಕೊಂಡು ತಿರುಗಿದೆ. ಯಾರೂ ಒಪ್ಪಲಿಲ್ಲ.

ಕೈಕಾಲಿಗೆ ಸಣ್ಣ ಕರೆಂಟು ಕೊಟ್ಟು ನರ ಪರೀಕ್ಷೆ ಮಾಡಿದರು. ಅದೂ ಡಾಕ್ಟರಮ್ಮನ ಮಾತನ್ನೇ ಹೇಳಿತು.

“ಈ ಅಂಟು ಇವತ್ತಿಗೇ ಬಿಡಬೇಕು. ಆದರೆ ಒಂದು ಮಾತು ಅಮ್ಮಾ. ಬಿಟ್ಟ ಮೇಲೂ ಎರಡು ಮೂರು ತಿಂಗಳು ಕೈಕಾಲು ಇನ್ನಷ್ಟು ಸೋಲಬಹುದು. ಹೆದರಬೇಡಿ. ಆಮೇಲೆ ನಿಧಾನಕ್ಕೆ ಬರುತ್ತೆ.”

“ಅಪ್ಪ ನೆಟ್ಟ ಆಲದ ಮರ,” ಎಂದಳು ಸೂಜಿಯಕ್ಕ, ತನಗೇ ಹೇಳಿಕೊಂಡಂತೆ. “ನೇಣಿನ ಹಗ್ಗಕ್ಕೂ ನಾನೇ ಅಂಟು ಹಚ್ಕೊಂಡೆ.”

ಅಂಗಡಿ ಮುಚ್ಚಿತು. ತಲೆಸುತ್ತು ಹತ್ತೇ ದಿನದಲ್ಲಿ ಹೋಯಿತು. ಕಾಲುಗಳು ಮಾತ್ರ ಡಾಕ್ಟರಮ್ಮ ಹೇಳಿದ್ದಕ್ಕಿಂತ ಶ್ರದ್ಧೆಯಿಂದ ಕೆಟ್ಟವು. ಎರಡನೇ ತಿಂಗಳಲ್ಲಿ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗುತ್ತಿರಲಿಲ್ಲ. ಹಾಸಿಗೆಯ ಪಕ್ಕ ಒಂದು ತುಂಡು ದಪ್ಪ ಚರ್ಮ, ಒಂದು ಸೂಜಿ ಇಟ್ಟುಕೊಂಡಿದ್ದಳು. ದಿನಾ ಬೆಳಿಗ್ಗೆ ಎದ್ದು ಒತ್ತಿ ನೋಡುವುದು. ಸೂಜಿ ದಾಟುತ್ತಿರಲಿಲ್ಲ. ಚರ್ಮವನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದಳು.

ತಮ್ಮ ಅಳತೆ ಟೇಪು ಸಮೇತ ಬಂದ. ನಾನೂ ಅಲ್ಲೇ ಇದ್ದೆ.

“ಅಕ್ಕಾ, ಅಂಟು ಬಿಟ್ಟು ಎರಡು ತಿಂಗಳಾಯ್ತು. ಇನ್ನೂ ಕೆಟ್ಟಿದೆ. ಆ ಡಾಕ್ಟರು ಹೇಳಿದ್ದು ಸುಳ್ಳು. ಕೀ ಕೊಡು.”

“ಕೆಡುತ್ತೆ ಅಂತ ಅವಳು ಮೊದಲೇ ಹೇಳಿದ್ಲು. ಕೆಟ್ಟಿದೆ. ಅಂದ್ಮೇಲೆ ಅವಳು ಹೇಳಿದ್ದು ಸುಳ್ಳು ಹೇಗೋ ಆಗುತ್ತೆ?”

ತಮ್ಮ ಚಹಾ ಕುಡಿದ, ಹೋದ. ಗಡಿಬಿಡಿಯಲ್ಲಿ ಟೇಪು ಮರೆತ.

ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ ಸೂಜಿಯ ಮೊನೆ ಚರ್ಮದ ಆಚೆ ಬದಿಯಲ್ಲಿ ಸಾಸಿವೆಯಷ್ಟು ಕಂಡಿತು. ಆರನೇ ತಿಂಗಳಿಗೆ ಮೂರು ಒತ್ತಿಗೆ ದಾಟಿತು. ವರ್ಷ ಮುಗಿಯಲು ಹನ್ನೆರಡು ದಿನವಿದ್ದಾಗ ಒಂದೇ ಒತ್ತಿಗೆ ದಾಟಿತು. ಆ ಚರ್ಮದ ತುಂಡನ್ನು, ಸೂಜಿ ಚುಚ್ಚಿದ ಹಾಗೆಯೇ, ತಮ್ಮನ ಮನೆಗೆ ಕಳಿಸಿಕೊಟ್ಟಳು. ಕಾಗದ ಬರೆಯಲಿಲ್ಲ.

ತಮ್ಮ ಮರೆತಿದ್ದ ಟೇಪಿನಲ್ಲೇ ಅಳೆದು ಕಿಟಕಿ ದೊಡ್ಡದು ಮಾಡಿಸಿದಳು. ಗಾಳಿ ಹೊರಗೆ ತಳ್ಳುವ ಫ್ಯಾನು ಕೂರಿಸಿದಳು. ಈಗ ಆದಷ್ಟು ಹೊಲಿಗೆಯೇ. ಅಂಟು ಬೇಕೇ ಬೇಕೆಂದರೆ ನೀರಿನಲ್ಲಿ ಕಲಸಿದ್ದು, ಒಣಗಲು ಒಂದು ದಿನ ಹಿಡಿಯುತ್ತದೆ. ಅರ್ಜೆಂಟು ಎಂದವರಿಗೆ “ನನಗಿಲ್ಲ” ಎನ್ನುತ್ತಾಳೆ.

ಈ ಲೇಖನಕ್ಕೊಂದು ಭಾರವಾದ ಮುಕ್ತಾಯ ಬೇಕೆಂದು ಮೊನ್ನೆ ಅಂಗಡಿಗೆ ಹೋದೆ. ಕಿಟಕಿಯ ಬಳಿ ನಿಂತು, ಗಂಟಲು ಸರಿಮಾಡಿಕೊಂಡು, ಪೆನ್ನು ತೆಗೆದು ಕೇಳಿದೆ:

“ಅಕ್ಕಾ, ಇಷ್ಟೆಲ್ಲ ನೋವು ಉಂಡ ಮೇಲೆ ಬದುಕಿನ ಬಗ್ಗೆ ನೀವು ಕಲಿತದ್ದೇನು?”

ಆಕೆ ಸೂಜಿಯಿಂದ ಕಣ್ಣು ಎತ್ತಲಿಲ್ಲ.

“ಕಿಟಕಿ ತೆಗೆದಿಡಬೇಕು ಅಂತ. ಸರಿದು ನಿಂತ್ಕೊಳ್ಳಿ, ಗಾಳಿಗೆ ಅಡ್ಡ ಇದೀರಿ.”