ಟಿಕ್ ತೆಗೆದವರು ಯಾರು?

ನಮ್ಮ ಮನೆಯವರ ಲ್ಯಾಪ್‌ಟಾಪಿನಲ್ಲಿ ಯಾರೋ ಕೈಯಾಡಿಸಿದ್ದಾರೆ. ಕಳೆದ ವಾರ ನನಗೆ ಮೊದಲು ಬಂದ ಯೋಚನೆ ಇದು.

ಅವರು ಹೋಗಿ ಎರಡು ತಿಂಗಳಾಯಿತು (ನಿಮಗೆ ಗೊತ್ತಿದೆ, ಎಷ್ಟೋ ಜನ ಪತ್ರ ಬರೆದಿರಿ). ಇಷ್ಟು ದಿನ ಈ ಅಂಕಣವನ್ನು ಇಲ್ಲಿ ದೆಹಲಿಯ ಮುನಿರ್ಕಾದ ಸೈಬರ್ ಕೆಫೆಯಿಂದ ಕಳಿಸುತ್ತಿದ್ದೆ. ಇನ್ನು ಮನೆಯಿಂದಲೇ ಕಳಿಸೋಣವೆಂದು ಲ್ಯಾಪ್‌ಟಾಪ್ ತೆರೆದೆ. ನೆಟ್ ಕೊಡುವ ಡೇಟಾ ಕಾರ್ಡ್ ಪಕ್ಕದಲ್ಲೇ ಚುಚ್ಚಿಕೊಂಡಿತ್ತು. ಅವರು ಅದನ್ನು ಯಾವತ್ತೂ ಕೀಳುತ್ತಿರಲಿಲ್ಲ. ಅದರ ನೀಲಿ ದೀಪ ಮಿನುಗಿತು. ನೆಟ್ ಮಾತ್ರ ಬರಲಿಲ್ಲ.

ಕಾರ್ಡಿನ ಕಂಪನಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅಂದ ಕೂಡಲೇ ಆ ಕಡೆಯ ದನಿ ಬದಲಾಯಿತು. ವಿಂಡೋಸ್ ಹಾಕಿಸಿಕೊಂಡು ಫೋನ್ ಮಾಡಿ ಮೇಡಂ, ಅಂದಳು. (ವೈರಸ್ಸಿನ ಭಯಕ್ಕೆ ಅವರು ವಿಂಡೋಸನ್ನು ಮನೆಯೊಳಗೆ ಬಿಟ್ಟವರಲ್ಲ.)

ಆ ನೀಲಿ ದೀಪದ ಮೇಲೆ ನನಗೆ ಹಳೆಯ ಸಿಟ್ಟಿದೆ. ಐದು ತಿಂಗಳ ಹಿಂದೆ ಅವರ ಕಾಯಿಲೆಯ ರಿಪೋರ್ಟ್ ಬಂದಾಗ, ಅದರ ಬಗ್ಗೆ ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದರು. ಊಟ ಬಿಟ್ಟರು. ಇನ್ನು ಓದುವುದಿಲ್ಲ ಅಂತ ನನ್ನ ಕೈಮೇಲೆ ಕೈ ಹಾಕಿಸಿ ಮಾತು ತಗೊಂಡೆ. ಮರುದಿನ ಸಂಜೆ ಮತ್ತೆ ಲ್ಯಾಪ್‌ಟಾಪ್, ಮತ್ತೆ ದೀಪ.

"ಇಸ್ಪೀಟಾಡ್ತಿದೀನಿ ಕಣೇ," ಅಂದರು.

ನೀವಾಗಿದ್ದರೆ ನಂಬುತ್ತಿದ್ದಿರಾ? ನಾನು ನಂಬಲಿಲ್ಲ. ಮೂರು ತಿಂಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಆ ದೀಪ ಕಾದೆ. ಮುಖ ಬಿಗಿದುಕೊಂಡೇ ಊಟ ಬಡಿಸಿದೆ.

ಭಾನುವಾರ ಶಬಾನಾ ಬಂದಳು. ಹುಬ್ಬಳ್ಳಿಯವಳು, ಗುರ್‌ಗಾಂವ್‌ನಲ್ಲಿ ಅವರ ಆಫೀಸಿನಲ್ಲೇ ಕೆಲಸ. ನೆಟ್ ಸರಿಮಾಡಿಕೊಡು ಅಂದೆ. ಸರಿಹೋದರೆ ಅವರು ಕದ್ದು ಏನೇನು ಓದಿದ್ದರು ಅಂತ ನೋಡಿಬಿಡಬೇಕು ಅಂತಿತ್ತು. ಅದನ್ನು ಹೇಳಲಿಲ್ಲ.

ಮೊಬೈಲ್ ಬ್ರಾಡ್‌ಬ್ಯಾಂಡ್ ಸೆಟ್ಟಿಂಗ್ ತೆರೆದು ನಕ್ಕಳು. "ಅಕ್ಕಾರ, ಇದು ಮೈಸೂರು ಸಿಮ್. ಡೆಲ್ಲಿಯೊಳಗ ರೋಮಿಂಗ್ ಇಲ್ಲದ ನಡಿಯೂದಿಲ್ಲ. ಆ ರೋಮಿಂಗಿನ ಟಿಕ್ಕನ್ನ ಯಾರೋ ತಗದಾರ."

(ಇಲ್ಲಿ ಸಿಮ್ ಕೊಳ್ಳಲು ವಿಳಾಸದ ಪುರಾವೆ ಬೇಕು. ಬಾಡಿಗೆ ಕರಾರು ಬರೆದುಕೊಡಿ ಅಂದರೆ ನಮ್ಮ ಮಕಾನ್ ಮಾಲಿಕ್, ಅಂದರೆ ಮನೆ ಓನರು, ಕಳ್ಳರನ್ನು ನೋಡಿದ ಹಾಗೆ ನೋಡುತ್ತಾನೆ.)

ಯಾರು ತೆಗೆದರು? ಮನೆಯಲ್ಲಿ ಇದ್ದವರು ಇಬ್ಬರೇ. ಆ ಟಿಕ್ ಎಲ್ಲಿರುತ್ತದೆ ಅಂತಲೂ ನನಗೆ ಗೊತ್ತಿರಲಿಲ್ಲ. ಯಾವಾಗ ತೆಗೆದದ್ದು ಅಂತ ಕೇಳಿದೆ. ಅದು ಗೊತ್ತಾಗುವುದಿಲ್ಲ, ಕಡೆಯ ಸಲ ನೆಟ್ ಬಳಸಿದ್ದು ಯಾವಾಗ ಅಂತ ಮಾತ್ರ ತೋರಿಸುತ್ತದೆ ಅಂದು ತೆರೆಯ ಮೇಲೆ ಬೆರಳಿಟ್ಟಳು.

ಐದು ತಿಂಗಳ ಹಿಂದೆ, ನಾನು ಮಾತು ತಗೊಂಡ ದಿನ.

"ಆಮೇಲೂ ದೀಪ ದಿನಾ ಮಿನುಗ್ತಿತ್ತಲ್ಲ?"

"ಸಿಗ್ನಲ್ ಸಿಕ್ಕರ ಮಿನುಗತೈತ್ರಿ. ನೆಟ್ ಬಂದ್ರ ಮಿನುಗೂದು ನಿಲ್ಲತೈತಿ. ನೋಡ್ರಿಲ್ಲೆ."

ಟಿಕ್ ಹಾಕಿದಳು. ದೀಪ ಅಲುಗದೆ ಉರಿಯಿತು. ಆ ಮೂರು ತಿಂಗಳಲ್ಲಿ ಒಂದು ದಿನವೂ ನಾನು ಅದನ್ನು ಹಾಗೆ ನೋಡಿರಲಿಲ್ಲ.

ಈ ಊರಿನಲ್ಲಿ ಆಟೋದ ಮೀಟರನ್ನು, ಹಾಲಿನ ಭಯ್ಯಾನನ್ನು, ಬೆಲ್ ಒತ್ತಿದವರನ್ನೆಲ್ಲ ಅನುಮಾನಿಸಿಯೇ ಬದುಕಬೇಕು. ಸರಿ. ಆದರೆ ಚಪ್ಪಲಿಯನ್ನು ಹೊರಗೆ ಬಿಡುವ ನಾವು ಅನುಮಾನವನ್ನು ಮಾತ್ರ ಒಳಗೆ ತರುತ್ತೇವಲ್ಲ?

ಶಬಾನಾ ಹೋದ ಮೇಲೆ ಇಸ್ಪೀಟಿನ ಆಟ ಹುಡುಕಿ ತೆರೆದೆ. ನನಗೆ ಆಡಲು ಬರುವುದಿಲ್ಲ.

ಅಡುಗೆಮನೆ ಬಾಗಿಲಿನಿಂದ ಅವರ ಕುರ್ಚಿಗೆ ಆರು ಹೆಜ್ಜೆ. ಒಂದು ಸಂಜೆ ಹೋಗಿ ಪಕ್ಕದಲ್ಲಿ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?